ಹಿಟ್ಟಿನ ಡಬ್ಬಿಯ ಮೇಲೆ ಮೊದಲ ಮೀಟಿಂಗು

ಹೊಸ ಕೆಲಸ. ಕಂಪನಿ ಪುಣೆಯಲ್ಲಿ, ನಾನು ಧಾರವಾಡದ ಸಪ್ತಾಪುರದಲ್ಲಿ. ಸೋಮವಾರ ಬೆಳಿಗ್ಗೆ 11ಕ್ಕೆ ಮೊದಲ ವಿಡಿಯೋ ಮೀಟಿಂಗು. ಮೊದಲ ದಿನವೇ ಒಳ್ಳೆ ಹೆಸರು ತಗೋಬೇಕು ಅಂತ ಭಾನುವಾರದಿಂದಲೇ ತಾಲೀಮು ಶುರು ಮಾಡಿದೆ.

ಕಿಟಕಿಗೆ ಬೆನ್ನು ಹಾಕಿ ಕೂತರೆ, ಹಿಂದಿನ ಬೆಳಕಿಗೆ ಮುಖ ರೊಟ್ಟಿ ಹಂಚಿನಷ್ಟು ಕಪ್ಪು. ತಿರುಗಿ ಕೂತೆ. ಹಿಂದೆ ಬಟ್ಟೆ ಒಣಹಾಕಿದ ಹಗ್ಗ! ಅದನ್ನು ಮುಚ್ಚಲು ಪರದೆಯಲ್ಲಿ ನನ್ನ ಹಿಂದೆ ಪುಸ್ತಕದ ಕಪಾಟಿನ ಚಿತ್ರ ಹಾಕಿದೆ. ತಲೆ ಅಲ್ಲಾಡಿಸಿದಾಗಲೆಲ್ಲ ಆ ಕಪಾಟು ನನ್ನ ಕಿವಿ ನುಂಗಿ, ಮತ್ತೆ ಉಗುಳುತ್ತಿತ್ತು. ಸಾಕಪ್ಪಾ ಅಂತ ಹಗ್ಗವನ್ನೇ ಬಿಚ್ಚಿದೆ.

ಉಳಿದದ್ದು ಕ್ಯಾಮೆರಾ. ಲ್ಯಾಪ್‌ಟಾಪನ್ನು ಟೇಬಲ್ ಮೇಲಿಟ್ಟರೆ ಕಾಣೋದು ಮೂಗಿನ ಹೊಳ್ಳೆ ಮತ್ತು ಮೇಲಿನ ಫ್ಯಾನು. ಕಣ್ಣಿನ ಮಟ್ಟಕ್ಕೆ ಎತ್ತರಿಸಬೇಕು. ಅಡುಗೆಮನೆಯಲ್ಲಿ ಅಗಲ ಮುಚ್ಚಳದ ಸ್ಟೀಲ್ ಡಬ್ಬಿ ಸಿಕ್ಕಿತು. ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಒಳಗೇನಿದೆ ಅಂತ ನೋಡುವ ಬುದ್ಧಿ ಬರಲಿಲ್ಲ.

ಹನ್ನೊಂದಕ್ಕೆ ಎಂಟು ಮುಖಗಳು. ಧಾರವಾಡ ಅಂದ ಕೂಡಲೇ ಒಬ್ಬರು "ಪೇಡೆ!" ಅಂದರು. ಅದಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಮುದ್ರೆ, ಸಿಕ್ಕಿದೆ ಅಂತ ಎದೆಯುಬ್ಬಿಸಿ ಹೇಳಿದೆ, ಅರ್ಜಿ ಹಾಕಿದವನು ನಾನೇ ಅನ್ನೋ ಹಾಗೆ. ಕ್ಯಾಮೆರಾದ ಸಣ್ಣ ಕಣ್ಣನ್ನೇ ನೋಡಿ ಮಾತಾಡಿದರೆ ಮಾತ್ರ ಎದುರಿನವರಿಗೆ ನಾವು ಅವರ ಕಡೆ ನೋಡಿದಂತೆ ಅನಿಸುತ್ತದೆ, ಅಲ್ವಾ? ನಾನು ರೆಪ್ಪೆ ಹೊಡೆಯದೆ ಅದನ್ನೇ ದಿಟ್ಟಿಸುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಒಳ್ಳೇದೇ ಆಯ್ತು ಅಂದುಕೊಂಡೆ. ಅವ್ವ ನನ್ನ ಹಿಂದೆ ಬಂದು ನಿಂತದ್ದು ಎಂಟೂ ಜನಕ್ಕೆ ಕಂಡಿತು, ನನಗೊಬ್ಬನಿಗೆ ಕಾಣಲಿಲ್ಲ.

"ಏ ತಮ್ಮಾ, ಹಿಟ್ಟಿನ ಡಬ್ಬಿ ಇಲ್ಲಿ ಇಟಗೊಂಡ್ ಕುಂತೀಯೇನೋ? ಮನಿ ತುಂಬಾ ಹುಡುಕಾಕತ್ತೇನಿ!"

ಹಿಟ್ಟು ಮೆತ್ತಿದ ಕೈಯಲ್ಲೇ ಲ್ಯಾಪ್‌ಟಾಪ್ ಎತ್ತಿ ನನ್ನ ತೊಡೆ ಮೇಲಿಟ್ಟಳು. ಪುಣೆಯವರಿಗೆ ಮೊದಲು ಫ್ಯಾನು, ಆಮೇಲೆ ಬಗ್ಗಿ ನೋಡುವ ಅವ್ವ. "ಯಪ್ಪಾ, ಇಷ್ಟ್ ಮಂದಿ ಅದಾರಲ್ಲೋ! ಎಲ್ಲಾರದೂ ನಾಷ್ಟಾ ಆತೇನ್ರಿ?"

ಗಾಬರಿಯಲ್ಲಿ ಮ್ಯೂಟ್ ಒತ್ತಿದೆ. ಅಷ್ಟರಲ್ಲಿ ಅವ್ವನ ಮಾತು ಮುಗಿದಿತ್ತು. ಆಮೇಲೆ ನಾನು ಮೂರು ಸಲ ಕೇಳಿದ ಕ್ಷಮೆ ಮಾತ್ರ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಸೋಮವಾರ ಮ್ಯಾನೇಜರ್ ಮೊದಲು ವಿಚಾರಿಸಿದ್ದು ಅವ್ವನನ್ನು. ನನ್ನ ಹೆಸರನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡರು.

ಈಗ ಲ್ಯಾಪ್‌ಟಾಪಿನ ಕೆಳಗೆ ಅಕ್ಕಿ ಡಬ್ಬಿ. ನಮ್ಮನೆಯಲ್ಲಿ ಅನ್ನ ಮಾಡೋದು ರಾತ್ರಿಗೆ ಮಾತ್ರ. ಡಬ್ಬಿ ಒಂದಿಂಚು ಗಿಡ್ಡ, ಹೊಳ್ಳೆ ಸ್ವಲ್ಪ ಕಾಣುತ್ತದೆ.