ಇನ್ವರ್ಟರ್ ನನ್ನದು, ಪಾಸ್‌ವರ್ಡ್ ಮಾತ್ರ ಡೀಲರ್ ಹತ್ತಿರ

ನಾಲ್ಕು ಲಕ್ಷಕ್ಕೂ ಜಾಸ್ತಿ ಕೊಟ್ಟು ಮನೆ ಮೇಲೆ ಸೋಲಾರ್ ಹಾಕಿಸಿದ್ದೇನೆ. ಬಿಲ್ ನನ್ನ ಹೆಸರಲ್ಲಿದೆ. ಇನ್ವರ್ಟರ್ ನಮ್ಮ ಗೋಡೆ ಮೇಲಿದೆ, ಬ್ಯಾಟರಿ ನಮ್ಮ ನೆಲದ ಮೇಲಿದೆ. ಆದರೆ ಅದರಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಾಯಿಸಲು ನನಗೆ ಅಧಿಕಾರ ಇಲ್ಲ. ಪಾಸ್‌ವರ್ಡ್ ಡೀಲರ್ ಹತ್ತಿರ. ಮೊಬೈಲ್‌ನಲ್ಲಿ ಅದನ್ನು ನೋಡುವ ಆ್ಯಪ್‌ನ ಖಾತೆ ಡೀಲರ್ ಹೆಸರಲ್ಲಿ. ಆ ಡೀಲರ್ ಫೋನ್ ಎತ್ತುವುದಿಲ್ಲ. ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಗೆ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಕಂಬ ಮುರಿಯುತ್ತದೆ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಇದಕ್ಕೆ ನಾನು ಲೈನ್‌ಮನ್‌ಗಳನ್ನು ಬೈಯುವುದಿಲ್ಲ. ಜಡಿಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕಾಡೊಳಗೆ ಲೈನ್ ಹುಡುಕುತ್ತಾ ಹೋಗುವ ಆ ಹುಡುಗರ ಕಷ್ಟ ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಅಮ್ಮನಿಗೆ ಉಬ್ಬಸ. ಮಳೆಗಾಲದ ರಾತ್ರಿಗಳಲ್ಲೇ ಅದು ಜಾಸ್ತಿ. ನೆಬ್ಯುಲೈಸರ್‌ಗೆ ಕರೆಂಟ್ ಬೇಕೇ ಬೇಕು. ಅದಕ್ಕಾಗಿಯೇ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿದ್ದು. ಬ್ಯಾಟರಿ ಇಲ್ಲದ ಮಾಮೂಲಿ ಆನ್‌ಗ್ರಿಡ್ ಸೋಲಾರ್ ಆದರೆ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ, ಬಿಸಿಲು ಎಷ್ಟೇ ಇರಲಿ. ಲೈನ್ ರಿಪೇರಿ ಮಾಡುವವರಿಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಎಂದು ಇರುವ ನಿಯಮ ಅದು, ಸರಿಯಾದ ನಿಯಮವೇ.

5 ಕಿಲೋವ್ಯಾಟ್ ಇನ್ವರ್ಟರ್, ಮೇಲೆ 540 ವ್ಯಾಟಿನ 10 ಪ್ಯಾನೆಲ್, ಕೆಳಗೆ 51.2 ವೋಲ್ಟ್ 100 ಆಂಪಿಯರ್ ಅವರ್‌ನ ಎರಡು ಲಿಥಿಯಂ ಬ್ಯಾಟರಿ. ಎರಡೂ ಸೇರಿ 10 ಯೂನಿಟ್ ಹಿಡಿಯುತ್ತವೆ. ರಾತ್ರಿ ನಾಲ್ಕು ದೀಪ, ಫ್ಯಾನ್, ಫ್ರಿಜ್, ಅಮ್ಮನ ನೆಬ್ಯುಲೈಸರ್ ಇಷ್ಟಕ್ಕೆ ಧಾರಾಳವಾಗಿ ಸಾಕು. ಮೊದಲ ವರ್ಷ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ವೈಫೈ ರೂಟರ್ ಸುಟ್ಟಿತು. ಇನ್ವರ್ಟರನ್ನು ವೈಫೈಗೆ ಸೇರಿಸಲು ಅದರ ಕೆಳಗೆ ಸಿಕ್ಕಿಸಿದ್ದ ಡಾಂಗಲ್ ಕೂಡ ಹೋಯಿತು. ಇನ್ವರ್ಟರ್ ಉಳಿಯಿತು, ಪುಣ್ಯ. ಸಿಡಿಲಿಗೆ ಯಾರನ್ನೂ ಬೈಯುವ ಹಾಗಿಲ್ಲ. ಹೊಸ ರೂಟರ್ ತಂದೆ. ಡಾಂಗಲನ್ನೂ ಕಂಪನಿಯಿಂದಲೇ ದುಡ್ಡು ಕೊಟ್ಟು ತರಿಸಿದೆ. ಈಗಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಲ್ಲಿ ಬಿಡುತ್ತವೆ, ಈ ಡಾಂಗಲ್‌ಗೆ 2.4 ಮಾತ್ರ ಗೊತ್ತು. ಡಬ್ಬದ ಮೇಲೆ ಅದನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ನನ್ನ ಒಂದು ಸಂಜೆ ಉಳಿಯುತ್ತಿತ್ತು. ರೂಟರ್ ಒಳಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಡಾಂಗಲ್ ವೈಫೈಗೆ ಸೇರಿತು, ಹಸಿರು ದೀಪವೂ ಬಂತು.

ಆದರೆ ಆ್ಯಪ್ ಒಪ್ಪಲಿಲ್ಲ. ಈ ಇನ್ವರ್ಟರ್ ಈಗಾಗಲೇ ಬೇರೆ ಖಾತೆಯಲ್ಲಿ ನೋಂದಣಿಯಾಗಿದೆ, ಹೊಸ ಡಾಂಗಲ್ ಸೇರಿಸಲು ನಿಮ್ಮ ಇನ್‌ಸ್ಟಾಲರ್ ಅನ್ನು ಸಂಪರ್ಕಿಸಿ ಎಂದಿತು. ಆಗಲೇ ನನಗೆ ಗೊತ್ತಾಗಿದ್ದು, ಡೀಲರ್ ನನಗೆ ಕೊಟ್ಟಿದ್ದು ನೋಡಲು ಮಾತ್ರ ಆಗುವ ಲಾಗಿನ್. ಮಾಲೀಕನ ಜಾಗದಲ್ಲಿ ಅವರದೇ ಹೆಸರು, ಅವರದೇ ಇಮೇಲ್. ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಂಡು ಹೋದ ಹಾಗಾಯಿತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮೊಬೈಲ್‌ನಲ್ಲಿ ಗ್ರಾಫ್ ನೋಡದಿದ್ದರೆ ಜೀವ ಹೋಗುವುದಿಲ್ಲ. ಆದರೆ ಜುಲೈನಲ್ಲಿ ಬ್ಯಾಟರಿ ಕೈಕೊಡಲು ಶುರುವಾಯಿತು. ಒಂದು ರಾತ್ರಿ ಇನ್ವರ್ಟರ್ ಪರದೆಯಲ್ಲಿ 64 ಪರ್ಸೆಂಟ್ ತೋರಿಸುತ್ತಿತ್ತು. ಬೆಳಗಿನವರೆಗೂ ಸಾಕು ಎಂದು ಮಲಗಿದೆವು. ನಡುರಾತ್ರಿ ಅಮ್ಮನಿಗೆ ಉಬ್ಬಸ ಜೋರಾಗಿ ನೆಬ್ಯುಲೈಸರ್ ಹಚ್ಚಿದೆವು. ಔಷಧಿ ಅರ್ಧ ಕೂಡ ಮುಗಿದಿರಲಿಲ್ಲ, ಮನೆಯಿಡೀ ಕತ್ತಲೆ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಬ್ಯಾಟರಿಯ ಒಂದು ದೀಪವೂ ಉರಿಯುತ್ತಿಲ್ಲ. ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಬೆನ್ನು ಸವರುತ್ತಾ, ಇನ್‌ಹೇಲರ್ ಕೊಡುತ್ತಾ ಆ ರಾತ್ರಿ ಕಳೆದೆವು. ಬೆಳಿಗ್ಗೆ ಪ್ಯಾನೆಲ್ ಮೇಲೆ ಬೆಳಕು ಬಿದ್ದ ಮೇಲೆಯೇ ಇನ್ವರ್ಟರ್‌ಗೆ ಜೀವ ಬಂದದ್ದು. ಪರದೆಯ ಮೂಲೆಯಲ್ಲಿ ಒಂದು ಸಾಲು: ಬಿಎಂಎಸ್ ಸಂಪರ್ಕ ಇಲ್ಲ.

ಇದರ ಅರ್ಥ ಏನು ಎಂದು ಯಾರೂ ಹೇಳಲಿಲ್ಲ, ನಾನೇ ಓದಿ ತಿಳಿದುಕೊಂಡೆ. ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಒಂದು ಬೋರ್ಡ್ ಇರುತ್ತದೆ. 3.2 ವೋಲ್ಟಿನ 16 ಸೆಲ್‌ಗಳನ್ನು ಅದು ಕಾಯುತ್ತದೆ. ಎಷ್ಟು ಚಾರ್ಜ್ ಉಳಿದಿದೆ, ಎಷ್ಟು ತೆಗೆಯಬಹುದು ಎಂದು ಒಂದು ಕೇಬಲ್ ಮೂಲಕ ಇನ್ವರ್ಟರ್‌ಗೆ ಹೇಳುತ್ತಿರುತ್ತದೆ. ಆ ಮಾತು ನಿಂತರೆ ನಮ್ಮ ಇನ್ವರ್ಟರ್ ವೋಲ್ಟೇಜ್ ನೋಡಿ ಅಂದಾಜು ಹಾಕುತ್ತದೆ. ಹಳೇ ಟ್ಯೂಬುಲರ್ ಬ್ಯಾಟರಿಯಲ್ಲಿ ಆ ಅಂದಾಜು ಒಂದು ಮಟ್ಟಿಗೆ ನಡೆಯುತ್ತಿತ್ತು. ಲಿಥಿಯಂನಲ್ಲಿ ನಡೆಯುವುದಿಲ್ಲ. 80 ಪರ್ಸೆಂಟ್ ಇದ್ದಾಗಲೂ 30 ಇದ್ದಾಗಲೂ ವೋಲ್ಟೇಜ್ ಹೆಚ್ಚು ಕಮ್ಮಿ ಒಂದೇ ಕಡೆ ನಿಂತಿರುತ್ತದೆ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಅಂದರೆ ಪರದೆ ಮೇಲಿನ ಆ 64 ಶುದ್ಧ ಸುಳ್ಳು. ಆ ಸುಳ್ಳನ್ನು ನಂಬಿ ನಾವು ಮಲಗಿದ್ದೆವು.

ಕಂಪನಿಯ ಟೋಲ್‌ಫ್ರೀ ನಂಬರಿಗೆ ಫೋನ್ ಮಾಡಿದೆ. ಕನ್ನಡಕ್ಕೆ ಯಾವ ನಂಬರ್ ಒತ್ತಬೇಕೋ ಅದನ್ನೇ ಒತ್ತಿದೆ. ಬಂದವರು ಹಿಂದಿಯಲ್ಲಿ ಶುರು ಮಾಡಿದರು. ಕನ್ನಡದವರನ್ನು ಕೊಡಿ ಎಂದು ಹಟ ಹಿಡಿದ ಮೇಲೆ ಒಬ್ಬ ಹುಡುಗಿ ಬಂದಳು.

"ಸರ್, ನಿಮ್ಮ ಇನ್ವರ್ಟರ್ ನಮ್ಮ ಸಿಸ್ಟಮ್‌ನಲ್ಲಿ ಆಫ್‌ಲೈನ್ ತೋರಿಸ್ತಾ ಇದೆ."

"ಹೌದಮ್ಮ, ಡಾಂಗಲ್ ಸುಟ್ಟು ಹೋಗಿದೆ. ಈಗ ತೊಂದರೆ ಇರೋದು ಬ್ಯಾಟರಿಯಲ್ಲಿ."

"ಆನ್‌ಲೈನ್ ಇಲ್ಲ ಅಂದ್ರೆ ಡೇಟಾ ಸಿಗಲ್ಲ ಸರ್. ಡೇಟಾ ಇಲ್ಲ ಅಂದ್ರೆ ಕಂಪ್ಲೇಂಟ್ ರಿಜಿಸ್ಟರ್ ಆಗಲ್ಲ. ಮೊದ್ಲು ಆನ್‌ಲೈನ್ ಮಾಡಿಸಿ."

"ಆನ್‌ಲೈನ್ ಮಾಡೋಕೆ ಡೀಲರ್ ಬೇಕು ಅಂತ ನಿಮ್ಮ ಆ್ಯಪೇ ಹೇಳುತ್ತಲ್ಲ?"

"ಹಾಗಾದ್ರೆ ಡೀಲರ್‌ನ ಸಂಪರ್ಕಿಸಿ ಸರ್. ಇನ್ನೇನಾದ್ರೂ ಸಹಾಯ ಬೇಕಾ?"

ಆ ಹುಡುಗಿ ಮೇಲೆ ನನಗೆ ಕೋಪ ಇಲ್ಲ. ಅವಳ ಮುಂದೆ ಬರೆದಿಟ್ಟಿದ್ದನ್ನು ಅವಳು ಓದುತ್ತಾಳೆ. ಆ ನಿಯಮ ಬರೆದವರ ಮೇಲೆ ಕೋಪ. ವಾರಂಟಿ ಕಾರ್ಡಿನಲ್ಲಿ ಇಂಟರ್‌ನೆಟ್ ಇದ್ದರೆ ಮಾತ್ರ ಸರ್ವಿಸ್ ಎಂದು ಎಲ್ಲಿ ಬರೆದಿದೆ? ನಮ್ಮ ಕಡೆ ಮಳೆಗಾಲದಲ್ಲಿ ಟವರ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೆಷಿನ್ ಕೆಟ್ಟಿದೆ ಎಂದು ಮನುಷ್ಯ ಬಾಯಿಬಿಟ್ಟು ಹೇಳಿದರೆ ಸಾಲದಾ? ಮೆಷಿನ್ನೇ ಹೇಳಬೇಕಾ?

ಡೀಲರ್ ಅಂಗಡಿ ಶಿವಮೊಗ್ಗದಲ್ಲಿದೆ. ಫೋನ್ ಎತ್ತದಿದ್ದ ಮೇಲೆ ನಾನೇ ಹೋದೆ. ಗೋಡೆ ತುಂಬಾ ಸರ್ಕಾರದ ಸಬ್ಸಿಡಿಯ ಪೋಸ್ಟರ್. 3 ಕಿಲೋವ್ಯಾಟ್ ಮೇಲ್ಪಟ್ಟರೆ 78,000 ರೂಪಾಯಿ ಎಂದು ದೊಡ್ಡ ಅಕ್ಷರದಲ್ಲಿ. ಹೊಸ ಗಿರಾಕಿಗಳಿಗೆ ಕುರ್ಚಿ, ಕಾಫಿ. ನನ್ನನ್ನು ಕಂಡ ಕೂಡಲೇ ಅವರ ಮುಖ ಬೇರೆ ಕಡೆ ತಿರುಗಿತು.

"ಎಂಥ ಮಾಡೋದು ಮಾರಾಯ್ರೆ, ಆ ಐಡಿ ಮಾಡಿದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ. ಅದರ ಪಾಸ್‌ವರ್ಡ್ ನಮ್ಮ ಹತ್ರಾನೂ ಇಲ್ಲ. ಬ್ಯಾಟರಿದು ಆದ್ರೆ ಬ್ಯಾಟರಿ ಕಂಪನಿಗೇ ಹೇಳಬೇಕು."

ಬ್ಯಾಟರಿ ಕಂಪನಿಯವರು ಇನ್ವರ್ಟರ್ ನೋಡಿ ಎಂದರು. ಇನ್ವರ್ಟರ್ ಕಂಪನಿಯವರು ಡೀಲರ್ ಎಂದರು. ದುಡ್ಡು ತೆಗೆದುಕೊಳ್ಳುವಾಗ ಮೂವರೂ ಒಂದು, ಒಂದೇ ಕೊಟೇಶನ್, ಒಂದೇ ಬಿಲ್. ಕೆಟ್ಟ ಮೇಲೆ ಮೂರು ದಿಕ್ಕು. ಸಬ್ಸಿಡಿ ಕೊಡುವ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಸೋಲಾರ್ ಹಾಕಿದವರೇ ಐದು ವರ್ಷ ನಿರ್ವಹಣೆ ನೋಡಿಕೊಳ್ಳಬೇಕು ಎಂಬ ಷರತ್ತು ಇದೆ. ಅದನ್ನು ಎತ್ತಿದರೆ, ಹುಡುಗರು ಫ್ರೀ ಆದ ಕೂಡಲೇ ಕಳಿಸುತ್ತೇನೆ ಎಂದರು. ಯಾರೂ ಬರಲಿಲ್ಲ.

ಇನ್ನೊಂದನ್ನು ಹೇಳಲೇಬೇಕು, ಇದು ಕೋಪದ ಮಾತಲ್ಲ, ಭಯದ ಮಾತು. ಮಳೆ ಹಿಡಿದ ಬೆಳಿಗ್ಗೆಗಳಲ್ಲಿ ಇನ್ವರ್ಟರ್ ಐಸೊಲೇಶನ್ ಫಾಲ್ಟ್, ಅಂದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ನಿಲ್ಲುತ್ತಿತ್ತು, ಮಧ್ಯಾಹ್ನ ಒಣಗಿದ ಮೇಲೆ ಸರಿಯಾಗುತ್ತಿತ್ತು. ಹೀಗಾದರೆ ಪ್ಯಾನೆಲ್‌ನ ಯಾವುದೋ ಕನೆಕ್ಟರ್ ಒಳಗೆ ನೀರು ಹೋಗಿರುತ್ತದೆ, ಇಲ್ಲವೇ ಕೇಬಲ್‌ನ ಸಿಪ್ಪೆ ಎಲ್ಲೋ ಹರಿದಿರುತ್ತದೆ. ಇದನ್ನು ಫೋನಿನಲ್ಲಿ ಹೇಳಿದಾಗ ಆ ಕಡೆಯ ಇನ್ನೊಬ್ಬ ಮಹಾಶಯರು ಹೇಳಿದ್ದೇನು ಗೊತ್ತಾ? "ಸರ್, ಮೇಲೆ ಹತ್ತಿ ಕನೆಕ್ಟರ್ ಒಂದ್ಸಲ ತೆಗೆದು ಹಾಕಿ." ಒಂದೊಂದು ಪ್ಯಾನೆಲ್‌ಗೆ ಹತ್ತಿರ ಹತ್ತಿರ 50 ವೋಲ್ಟ್. ಹತ್ತನ್ನು ಸಾಲಾಗಿ ಜೋಡಿಸಿದರೆ 500 ವೋಲ್ಟಿನ ಆಸುಪಾಸು ಡಿಸಿ ಕರೆಂಟ್. ಓಡುತ್ತಿರುವಾಗ ಆ ಕನೆಕ್ಟರ್ ಎಳೆದರೆ ಕಿಡಿ ಹತ್ತಿಕೊಂಡು ಉರಿಯುತ್ತಲೇ ಇರುತ್ತದೆ, ಮನೆಯ ಮಾಮೂಲಿ ಎಸಿ ಕರೆಂಟಿನ ಕಿಡಿಯ ಹಾಗೆ ಬೇಗ ಆರುವುದಿಲ್ಲ. ಮೋಡ ಇದ್ದರೂ ವೋಲ್ಟೇಜ್ ಇದ್ದೇ ಇರುತ್ತದೆ. ಪಾಚಿ ಕಟ್ಟಿದ ಹಂಚಿನ ಮೇಲೆ, ಮಳೆಯಲ್ಲಿ, ಗ್ಲೌಸ್ ಇಲ್ಲದ ಮನೆಯವನಿಗೆ ಇದನ್ನು ಮಾಡು ಎಂದು ಹೇಳುತ್ತಾರೆ. ಅದೇ ಬಾಯಲ್ಲಿ, ಇನ್ವರ್ಟರ್ ಸೆಟ್ಟಿಂಗ್ ಮುಟ್ಟಬೇಡಿ, ಅದು ಅಪಾಯ, ಅದಕ್ಕೇ ಪಾಸ್‌ವರ್ಡ್ ಕೊಡುವುದಿಲ್ಲ ಎನ್ನುತ್ತಾರೆ! ದಯವಿಟ್ಟು ಯಾರೂ ಹತ್ತಬೇಡಿ. ಹೇಳಿದವರು ಕಂಪನಿಯವರೇ ಆದರೂ ಸರಿ.

ಕೊನೆಗೆ ನಮಗೆ ದಾರಿ ತೋರಿಸಿದ್ದು ಪೇಟೆಯಲ್ಲಿ ಸಿಸಿ ಕ್ಯಾಮೆರಾ ಹಾಕುವ ಹುಡುಗ. ಸೋಲಾರ್ ಅವನ ಕೆಲಸವೇ ಅಲ್ಲ. ಪ್ಯಾನೆಲ್, ಕರೆಂಟ್, ಬ್ಯಾಟರಿ ಮೂರೂ ಕಡೆಯಿಂದ ಆಫ್ ಮಾಡಿಸಿ, ಸ್ವಲ್ಪ ಹೊತ್ತು ಕಾದು, ಇನ್ವರ್ಟರ್ ಕೆಳಗಿನ ಮುಚ್ಚಳ ತೆಗೆದ. ಬ್ಯಾಟರಿಯಿಂದ ಬರುವ ಆ ಕೇಬಲ್ ನೋಡಲು ಇಂಟರ್‌ನೆಟ್ ಕೇಬಲ್‌ನ ಹಾಗೇ ಇದೆ. ಅದರ ತುದಿಯ ಪ್ಲಾಸ್ಟಿಕ್ ಕೊಕ್ಕೆ ಮುರಿದು, ಪಿನ್‌ಗಳು ತೇವಕ್ಕೆ ಹಸಿರುಗಟ್ಟಿದ್ದವು. ಅವನು ಕೈಯಲ್ಲಿ ಮುಟ್ಟಿದ ಕೂಡಲೇ ಅದು ಕಳಚಿ ಬಂತು. ಇಷ್ಟಕ್ಕೇ ನಮ್ಮ ಅಮ್ಮ ಆ ರಾತ್ರಿ ಉಸಿರಿಗೆ ಒದ್ದಾಡಿದ್ದು.

"ಅಣ್ಣಾ, ಮಾಮೂಲಿ ಕೇಬಲ್ ಹಾಕಿದ್ರೆ ಆಗಲ್ಲ ಅನ್ಸುತ್ತೆ, ಎರಡು ಕಡೆ ಪಿನ್ ಬೇರೆ ಇದೆ" ಎಂದ. ಇನ್ವರ್ಟರ್ ಒಂದು ಕಂಪನಿ, ಬ್ಯಾಟರಿ ಇನ್ನೊಂದು. ಎಂಟು ತಂತಿಯಲ್ಲಿ ಮಾತಾಡುವುದು ಎರಡೇ. ಆ ಎರಡು ಎಲ್ಲಿರುತ್ತವೆ ಎಂಬುದು ಒಬ್ಬೊಬ್ಬರದು ಒಂದೊಂದು ಥರ. ಡೀಲರ್ ನಮಗೆ ಮೆಷಿನ್‌ಗಳ ಮಾಹಿತಿ ಪುಸ್ತಕವನ್ನೇ ಕೊಟ್ಟಿರಲಿಲ್ಲ. ಎರಡೂ ಪುಸ್ತಕ ಮೊಬೈಲ್‌ನಲ್ಲಿ ಇಳಿಸಿಕೊಂಡು, ಚಿತ್ರ ಪಕ್ಕಪಕ್ಕ ಇಟ್ಟು, ನಮ್ಮ ಜಗುಲಿ ಮೇಲೆ ಕೂತು ಹೊಸ ಕೇಬಲ್ ಮಾಡಿದ. ಆನ್ ಮಾಡಿದ ಕೂಡಲೇ ಬಿಎಂಎಸ್ ಸಿಕ್ಕಿತು. ಪರದೆಯಲ್ಲಿ 58 ಇದ್ದದ್ದು ತಟ್ಟನೆ 23ಕ್ಕೆ ಇಳಿಯಿತು. ನಿಜವಾದ ಲೆಕ್ಕ ಅದು. ಆ ಹುಡುಗ ತೆಗೆದುಕೊಂಡಿದ್ದು 300 ರೂಪಾಯಿ.

ಇದನ್ನು ಕಂಪನಿಗೆ ತಿಳಿಸಿದೆ. ಕಂಪನಿಯ ಉತ್ತರ: ಹೊರಗಿನವರಿಂದ ಮುಟ್ಟಿಸಿದ್ದರೆ ವಾರಂಟಿ ಅನ್ವಯ ಆಗದೇ ಇರಬಹುದು. ಓದಿ ಕೈ ನಡುಗಿತು. ನೀವು ಬರುವುದಿಲ್ಲ, ಬರುವವರನ್ನು ಮುಟ್ಟಲೂ ಬಿಡುವುದಿಲ್ಲ. ಹಾಗಾದರೆ ನಾವೇನು ಮಾಡಬೇಕು?

ಈಗಲೂ ಒಂದು ಸಣ್ಣ ಕೆಲಸ ಬಾಕಿ ಇದೆ. ಮಳೆಗಾಲದಲ್ಲಿ ಕರೆಂಟ್ ಇರುವಾಗ ಬ್ಯಾಟರಿ 40 ಪರ್ಸೆಂಟ್‌ಗಿಂತ ಕೆಳಗೆ ಇಳಿಯಬಾರದು, ಅಷ್ಟು ರಾತ್ರಿಗೆ ಎಂದು ಉಳಿಯಲಿ ಎಂಬುದು ನನ್ನ ಆಸೆ. ಡೀಲರ್ ಅದನ್ನು 10ಕ್ಕೆ ಇಟ್ಟು ಹೋಗಿದ್ದಾರೆ. ಬದಲಾಯಿಸಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ನಮ್ಮ ಮನೆಯ ಬ್ಯಾಟರಿಯಲ್ಲಿ ನಾಳೆಗೆ ಎಷ್ಟು ಉಳಿಸಬೇಕು ಎಂಬುದನ್ನು ನಮ್ಮಮ್ಮನನ್ನು ನೋಡಿಯೇ ಇರದ ಯಾರೋ ತೀರ್ಮಾನಿಸಿದ್ದಾರೆ.

ಇದು ನಮ್ಮ ಊರಿನ ತೊಂದರೆ ಮಾತ್ರ ಅಲ್ಲ. 2024ರ ನವೆಂಬರ್‌ನಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇನ್ವರ್ಟರ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿ, ಈ ಮೆಷಿನ್ ಇಲ್ಲಿ ಬಳಸಲು ಅನುಮತಿ ಇಲ್ಲ ಎಂಬ ಸಂದೇಶ ತೋರಿಸಿದವು. ದುಡ್ಡು ಕೊಟ್ಟು ಕೊಂಡವರ ಮನೆಯ ಮೆಷಿನ್ ಅವು. ತಯಾರಿಸಿದವರು ಹಾಕಿಟ್ಟ ಬೀಗಕ್ಕೆ ಮೆಷಿನ್ ನಿಲ್ಲುತ್ತದೆ ಎಂದ ಮೇಲೆ ಕೊಂಡವರಿಗೆ ಏನು ಉಳಿಯಿತು? ಮೊದಲು ಟ್ಯೂಬುಲರ್ ಬ್ಯಾಟರಿ ಇದ್ದಾಗ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್‌ಗೆ ಗ್ರೀಸ್ ಹಚ್ಚುವುದು, ಎಲ್ಲ ನಾವೇ ಮಾಡಿಕೊಳ್ಳುತ್ತಿದ್ದೆವು. ಲಿಥಿಯಂ ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ಅದನ್ನು ಕೊಡುವಾಗ ಖಾತೆ ಗಿರಾಕಿಯ ಹೆಸರಲ್ಲಿ ಮಾಡಿಕೊಡಿ. ಪಾಸ್‌ವರ್ಡ್ ಕಾಗದದಲ್ಲಿ ಬರೆದು ಕೊಡಿ. ಇಂಟರ್‌ನೆಟ್ ಇಲ್ಲದಿದ್ದರೂ ದೂರು ತೆಗೆದುಕೊಳ್ಳಿ. ಇದರಲ್ಲಿ ಯಾವುದಕ್ಕೂ ನಿಮಗೆ ಒಂದು ರೂಪಾಯಿ ಖರ್ಚಿಲ್ಲ.

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಾಗಿದೆ. ಕಂಪನಿಯಿಂದ ಬಂದ ಉತ್ತರ ಮತ್ತದೇ, ಡೀಲರ್‌ನ ಸಂಪರ್ಕಿಸಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್, ವಾರಂಟಿ ಕಾರ್ಡ್, ಹಸಿರುಗಟ್ಟಿದ ಆ ಕೇಬಲ್‌ನ ಫೋಟೋ, ಮೇಲೆ ಹತ್ತಿ ಎಂದವರ ಕಾಲ್ ರೆಕಾರ್ಡ್ ಎಲ್ಲ ಜೋಡಿಸಿಟ್ಟಿದ್ದೇನೆ. ಈ ವಾರ ಶಿವಮೊಗ್ಗಕ್ಕೆ ಹೋಗಿ ಹಾಕಿ ಬರುತ್ತೇನೆ. ಅದೇ ಡೀಲರ್ ಹತ್ತಿರ ಹಾಕಿಸಿಕೊಂಡು ಇದೇ ಪಾಡು ಪಡುತ್ತಿರುವವರು ನಮ್ಮ ಕಡೆ ಇನ್ನೂ ಇದ್ದಾರೆ, ಅವರೂ ಜೊತೆಗೆ ಬರುತ್ತೇವೆ ಎಂದಿದ್ದಾರೆ.