ಸೇಂಟ್ ಆಂಡ್ರೂಸ್ ಪಶ್ಚಿಮದ ಹೊಲಗಳಲ್ಲಿ ಮನೆ: ಬೇಕಾ, ಬೇಡ್ವಾ?

ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಸೇಂಟ್ ಆಂಡ್ರೂಸ್ ನಮ್ಮಲ್ಲಿ ಅನೇಕರಿಗೆ ಗಾಲ್ಫ್‌ನಿಂದ, ಕೆಲವರಿಗೆ 1413ರಲ್ಲಿ ಶುರುವಾದ ವಿಶ್ವವಿದ್ಯಾಲಯದಿಂದ ಗೊತ್ತು. ಈ ಹಳೆಯ ಊರಿನ ಪಶ್ಚಿಮ ಅಂಚಿನ ಹೊಲಗಳಲ್ಲಿ ಸುಮಾರು 900 ಮನೆಗಳ ಹೊಸ ಬಡಾವಣೆಗೆ ಯೋಜನೆ ಇದೆ. ಅದು ಬೇಕೇ ಬೇಡವೇ ಎಂದು ಅಲ್ಲಿ ಬದುಕಿ ಬಲ್ಲ ಇಬ್ಬರು ಕನ್ನಡಿಗರನ್ನು ಕೇಳಿದೆವು.

ಪರ: ಮಕ್ಕಳಿರುವವರಿಗೂ ಈ ಊರಿನಲ್ಲಿ ಜಾಗ ಬೇಕು

ಸೇಂಟ್ ಆಂಡ್ರೂಸ್‌ಗೆ ಮನೆಗಳು ಬೇಕು. ಹಾಸ್ಟೆಲ್ ಅಲ್ಲ, ರಜೆಗೆ ಬಂದು ಹೋಗುವವರ ಫ್ಲ್ಯಾಟ್ ಅಲ್ಲ. ಮೂರು ಬೆಡ್‌ರೂಮು, ಹಿಂದೆ ಒಂದಿಷ್ಟು ಹುಲ್ಲು, ಮಕ್ಕಳ ಸೈಕಲ್ ಇಡಲು ಒಂದು ಶೆಡ್ಡು ಇರುವ ಮನೆ. ಇಷ್ಟು ಕೇಳುವುದು ದೊಡ್ಡ ಆಸೆಯೇನಲ್ಲ.

ಊರಿನ ಜನಸಂಖ್ಯೆ 20,000ವೂ ಇಲ್ಲ. ವಿದ್ಯಾರ್ಥಿಗಳೇ 10,000ದ ಆಸುಪಾಸು ಇದ್ದಾರೆ. ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮೂರಿನ ಮಕ್ಕಳೂ ಅಲ್ಲಿಗೆ ಓದಲು ಬರುತ್ತಾರೆ, ಅವರಿಗೂ ತಲೆಯ ಮೇಲೆ ಸೂರು ಬೇಕು. ಆದರೆ ಲೆಕ್ಕ ನೋಡಿ. ನಾಲ್ಕು ರೂಮಿನ ಮನೆಗೆ ನಾಲ್ಕು ವಿದ್ಯಾರ್ಥಿಗಳು ಬಂದರೆ ನಾಲ್ಕು ಬಾಡಿಗೆ. ಅದೇ ಮನೆಗೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬಂದರೆ ಒಂದು ಸಂಬಳ, ಬಹಳವೆಂದರೆ ಒಂದೂವರೆ. ಮಾಲೀಕ ಯಾರಿಗೆ ಕೊಡುತ್ತಾನೆ?

ಸಂಬಂಧವಿಲ್ಲದ ಮೂರು ಅಥವಾ ಹೆಚ್ಚು ಜನ ಒಟ್ಟಿಗೆ ಇರುವ ಮನೆಗೆ ಸ್ಕಾಟ್ಲೆಂಡಿನಲ್ಲಿ ಎಚ್‌ಎಂಒ (ಹಲವರು ಹಂಚಿಕೊಳ್ಳುವ ಮನೆ) ಲೈಸೆನ್ಸ್ ಬೇಕು. ಇಂಥ ಮನೆಗಳು ಎಷ್ಟು ಜಾಸ್ತಿಯಾದವೆಂದರೆ 2019ರಲ್ಲಿ ಸ್ಥಳೀಯ ಆಡಳಿತವಾದ ಫೈಫ್ ಕೌನ್ಸಿಲ್ ಸೇಂಟ್ ಆಂಡ್ರೂಸ್‌ನಲ್ಲಿ ಅವಕ್ಕೆ ಮಿತಿ ಹಾಕಬೇಕಾಯಿತು. ಇದರ ಮೇಲೆ ಗಾಲ್ಫ್ ಪ್ರವಾಸಿಗಳು, ಎರಡನೇ ಮನೆ ಇಟ್ಟುಕೊಂಡು ವರ್ಷಕ್ಕೆ ಕೆಲವು ವಾರ ಬರುವ ಶ್ರೀಮಂತರು. ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಳಾದರೂ ಇದ್ದವಲ್ಲ ಎಂದರೆ, ಬಾಡಿಗೆದಾರರೇ ಅವನ್ನು ಕೊಳ್ಳಬಹುದು ಎಂಬ ಹಕ್ಕು 1980ರಲ್ಲಿ ಬಂತು. ಅದು ಸ್ಕಾಟ್ಲೆಂಡಿನಲ್ಲಿ ನಿಂತದ್ದು 2016ರಲ್ಲಿ. ಅಷ್ಟರಲ್ಲಿ ಮಾರಾಟವಾದ ಮನೆಗಳು ಮರಳಿ ಬರುವುದಿಲ್ಲ.

ನಮ್ಮ ಕತೆ ಹೇಳುತ್ತೇನೆ. ನನ್ನ ಗಂಡ ಸಂಶೋಧನೆಯ ಕೆಲಸಕ್ಕೆ ಅಲ್ಲಿಗೆ ಹೋದರು. ನನಗೆ ಡಂಡೀಯಲ್ಲಿ ಕೆಲಸ ಸಿಕ್ಕಿತು. ಊರಿನ ದಕ್ಷಿಣದಲ್ಲಿ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದೆವು. ಕಿಟಕಿ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಚಳಿಗಾಲದಲ್ಲಿ ಒಂದೇ ರೂಮಿಗೆ ಹೀಟರ್ ಹಾಕಿ, ಮಗಳು ಅಡುಗೆಮನೆಯ ಮೇಜಿನ ಮೇಲೆ ಹೋಂವರ್ಕ್ ಮಾಡುತ್ತಿದ್ದಳು. ಆದರೂ ಆ ಮನೆ ನಮಗೆ ಇಷ್ಟವಾಗಿತ್ತು. ಪಕ್ಕದ ಅಜ್ಜಿ ರೂಬಾರ್ಬ್ ದಂಟು ಕೊಡುತ್ತಿದ್ದರು, ನಾನು ಅದರಲ್ಲಿ ಗೊಜ್ಜು ಮಾಡಿ ಅವರಿಗೇ ಒಂದು ಬಟ್ಟಲು ಕೊಟ್ಟು ಬರುತ್ತಿದ್ದೆ.

ಒಂದು ದಿನ ನೋಟಿಸ್ ಬಂತು. ಮನೆ ಮಾರುತ್ತೇವೆ, ಖಾಲಿ ಮಾಡಿ ಅಂತ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಬೇರೆ ಮನೆ ಹುಡುಕಲು ಹೊರಟೆವು. ಏಜೆಂಟರ ಕಿಟಕಿಯಲ್ಲಿ ಸಾಲಾಗಿ ಜಾಹೀರಾತು. ಇದು ವಿದ್ಯಾರ್ಥಿಗಳಿಗೆ, ಇದೂ ವಿದ್ಯಾರ್ಥಿಗಳಿಗೆ, ಇದು ಬೇಸಿಗೆಯಲ್ಲಿ ವಾರದ ಲೆಕ್ಕಕ್ಕೆ. ಕುಟುಂಬಕ್ಕೆ ಅಂತ ಇದ್ದ ಒಂದೆರಡರ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕೊನೆಗೆ ಟೇ ನದಿಯ ಆಚೆ ಡಂಡೀಗೆ ಹೋದೆವು. ಕೆಲವು ತಿಂಗಳ ನಂತರ ನಮ್ಮ ಹಳೆಯ ಅಡುಗೆಮನೆಯ ಫೋಟೋ ಇಂಟರ್‌ನೆಟ್ಟಿನಲ್ಲಿ ಕಂಡಿತು. ಗೋಡೆಗೆ ಹೊಸ ಬಣ್ಣ, ಮೇಜಿನ ಮೇಲೆ ಹೂವು, ಗಾಲ್ಫ್ ಆಡಲು ಬರುವವರಿಗೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆ. ಅವತ್ತು ಅತ್ತುಬಿಟ್ಟೆ.

ಮಗಳು ಶಾಲೆ ಬದಲಾಯಿಸಲು ಒಪ್ಪಲಿಲ್ಲ. ಗೆಳತಿಯರೆಲ್ಲ ಅಲ್ಲಿದ್ದರು. ಹಾಗಾಗಿ 99ನೇ ನಂಬರ್ ಬಸ್ಸು. ಚಳಿಗಾಲದಲ್ಲಿ ಕತ್ತಲೆಯಲ್ಲೇ ಮನೆ ಬಿಡಬೇಕು. ಟೇ ಸೇತುವೆ ದಾಟಿ, ಲೂಕರ್ಸ್, ಗಾರ್ಡ್‌ಬ್ರಿಡ್ಜ್ ಮೂಲಕ ಊರು. ಸಂಜೆ ಅದೇ ದಾರಿ ವಾಪಸ್. ಶಾಲೆಯ ನಂತರ ನಾಟಕದ ತಾಲೀಮು ಇದ್ದರೆ ಅವಳಿಗೆ ಆಗುತ್ತಿರಲಿಲ್ಲ. ಯಾರಾದರೂ ಹುಟ್ಟುಹಬ್ಬಕ್ಕೆ ಕರೆದರೆ ನಾವು ಮೊದಲು ನೋಡುತ್ತಿದ್ದದ್ದು ಬಸ್ಸಿನ ವೇಳಾಪಟ್ಟಿ. ಆ ಬಸ್ಸಿನಲ್ಲಿ ಬೆಳಿಗ್ಗೆ ಅವಳ ಜೊತೆ ಯಾರು ಬರುತ್ತಿದ್ದರು ಗೊತ್ತಾ? ಹೋಟೆಲಿನಲ್ಲಿ ಹಾಸಿಗೆ ಸರಿಮಾಡುವವರು, ಕೇರ್ ಹೋಮಿನಲ್ಲಿ ವೃದ್ಧರನ್ನು ನೋಡಿಕೊಳ್ಳುವವರು, ಕಾಫಿ ಅಂಗಡಿಯ ಹುಡುಗರು. ಊರನ್ನು ನಡೆಸುವವರು ಊರಿನಲ್ಲಿ ಇರುವಂತಿಲ್ಲ. ಇದು ನ್ಯಾಯವೇ?

ಅವಳು ಹೋಗುತ್ತಿದ್ದ ಶಾಲೆಯ ಹೆಸರು ಮದ್ರಾಸ್ ಕಾಲೇಜು. ಸೇಂಟ್ ಆಂಡ್ರೂಸ್‌ನಲ್ಲಿ ಹುಟ್ಟಿದ ಆಂಡ್ರೂ ಬೆಲ್ ಮದ್ರಾಸಿನ ಅನಾಥಾಲಯದಲ್ಲಿ ಮೇಲ್ವಿಚಾರಕರಾಗಿದ್ದರು. ಅಲ್ಲಿನ ಸ್ಥಳೀಯ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ನೋಡಿದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಅಲ್ಲಿ ಬೆಳೆಸಿ ಊರಿಗೆ ತಂದರು. ಅವರು ಬಿಟ್ಟುಹೋದ ಹಣದಿಂದ 1830ರ ದಶಕದಲ್ಲಿ ಈ ಶಾಲೆ ಆಯಿತು. ನನ್ನ ಅಜ್ಜಿ ಕೂಡ ಮರಳಿನ ಮೇಲೆಯೇ ಅ ಆ ಕಲಿತವರು. ಇದನ್ನು ಮಗಳಿಗೆ ಹೇಳಿದಾಗ ಅವಳು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಆ ಊರಿನಲ್ಲಿ ನಮಗೂ ಒಂದು ಬೇರು ಇದೆ ಅಂತ ಅವಳಿಗೆ ಅನಿಸಿತ್ತು.

ಇದೇ ಶಾಲೆ ದಶಕಗಳ ಕಾಲ ಊರಿನ ಎರಡು ಕಡೆ ಹಂಚಿಹೋಗಿತ್ತು, ಸೌತ್ ಸ್ಟ್ರೀಟಿನಲ್ಲಿ ಅರ್ಧ, ಕಿಲ್ರಿಮಾಂಟಿನಲ್ಲಿ ಅರ್ಧ. ಒಂದೇ ಕಡೆ ಹೊಸ ಶಾಲೆ ಕಟ್ಟಲು ಹೊರಟರೆ ಜಗಳ, ಕೋರ್ಟು. 2021ರಲ್ಲಿ ಕೊನೆಗೂ ಪಶ್ಚಿಮದ ಲ್ಯಾಂಗ್‌ಲ್ಯಾಂಡ್ಸ್‌ನಲ್ಲಿ ತೆರೆಯಿತು. ಜಗಳ ನಡೆಯುತ್ತಿದ್ದಾಗ ಎಷ್ಟೋ ಮಕ್ಕಳು ಓದು ಮುಗಿಸಿ ಹೊರಟೇ ಹೋದರು. ಮನೆಗಳ ವಿಷಯದಲ್ಲೂ ಹಾಗೆಯೇ ಆಗಬೇಕಾ? ಶಾಲೆ ಈಗ ಪಶ್ಚಿಮದಲ್ಲಿದೆ. ಮಕ್ಕಳು ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಕಟ್ಟುವುದರಲ್ಲಿ ತಪ್ಪೇನು?

ವಿರೋಧಿಸುವವರು ಏನು ಹೇಳುತ್ತಾರೆ? ನೋಟ ಹಾಳಾಗುತ್ತದೆ, ದೂರದಿಂದ ಊರಿನ ಹಳೆಯ ಗೋಪುರಗಳು ಕಾಣಬೇಕು ಅಂತ. ಸ್ವಂತ ಮನೆಯ ಕಿಟಕಿಯಿಂದ ಹೊಲ ನೋಡುವವರಿಗೆ ಇದು ದೊಡ್ಡ ಮಾತಾಗಬಹುದು. ಮನೆಯೇ ಇಲ್ಲದವರಿಗೆ ಯಾವ ನೋಟ? ಊರಿನ ಸುತ್ತ ಕಟ್ಟಬಾರದ ಹಸಿರು ಪಟ್ಟಿಯನ್ನು 2012ರಲ್ಲೇ ಗುರುತಿಸಿದ್ದಾರೆ. ಈ ಹೊಲಗಳನ್ನು ಅದರಿಂದ ಹೊರಗಿಟ್ಟದ್ದು ಮುಂದೆ ಊರು ಬೆಳೆಯಲಿ ಎಂದೇ. 2017ರ ಫೈಫ್ ಅಭಿವೃದ್ಧಿ ಯೋಜನೆಯಲ್ಲೂ ಇವು ಮನೆಗಳಿಗೆಂದೇ ಇವೆ. ಯಾರೂ ಕದ್ದುಮುಚ್ಚಿ ಮಾಡುತ್ತಿಲ್ಲ.

ಹೊಸ ಮನೆಗಳನ್ನೂ ದುಡ್ಡಿದ್ದವರೇ ಕೊಳ್ಳುತ್ತಾರೆ ಅನ್ನುವವರಿಗೆ ಒಂದೇ ಮಾತು. ಹೊಸ ಮನೆಯನ್ನು ಎಚ್‌ಎಂಒ ಮಾಡಲು ಅದೇ ಅಭಿವೃದ್ಧಿ ಯೋಜನೆ ಬಿಡುವುದಿಲ್ಲ, ಅದಕ್ಕೆಂದೇ ಕಟ್ಟಿದ್ದನ್ನು ಬಿಟ್ಟು. ಕೈಗೆಟುಕುವ ಬೆಲೆಯ ಮನೆಗಳಿಗೆ ಈ ಭಾಗದಲ್ಲಿ ಶೇ. 30 ಪಾಲು ಇಡಬೇಕು. 900ರಲ್ಲಿ 270 ಆಯಿತು. 270 ಕುಟುಂಬಗಳು! ಎರಡನೇ ಮನೆಗಳ ಕೌನ್ಸಿಲ್ ತೆರಿಗೆಯನ್ನು 2024ರಲ್ಲಿ ದುಪ್ಪಟ್ಟು ಮಾಡಲು ಅವಕಾಶ ಸಿಕ್ಕಿತು, ಒಳ್ಳೆಯದೇ. ಅದರಿಂದ ನಮಗೊಂದು ಮನೆ ಸಿಕ್ಕಿತಾ? ಅದೇ ವರ್ಷ ಫೈಫ್ ಕೌನ್ಸಿಲ್ ವಸತಿ ತುರ್ತುಸ್ಥಿತಿ ಘೋಷಿಸಿತು, ಆಮೇಲೆ ಇಡೀ ಸ್ಕಾಟ್ಲೆಂಡಿಗೆ ಅಲ್ಲಿನ ಪಾರ್ಲಿಮೆಂಟೂ. ತುರ್ತು ಎಂದ ಮೇಲೆ ಕಟ್ಟಬೇಕು. ಇನ್ನೊಂದು ಕುಟುಂಬ ಪೆಟ್ಟಿಗೆ ಕಟ್ಟಿ ಸೇತುವೆ ದಾಟುವ ಮೊದಲು ಕಟ್ಟಬೇಕು.

ವಿರೋಧ: ಮೊದಲು ರಸ್ತೆ, ಡಾಕ್ಟರು, ಆಮೇಲೆ ಮನೆ

ವಿರೋಧದ ಕಡೆಯಿಂದ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಕುಟುಂಬಗಳಿಗೆ ಮನೆ ಬೇಡ ಎನ್ನುವವನು ನಾನಲ್ಲ. ಆದರೆ ಇಷ್ಟು ದೊಡ್ಡ ಬಡಾವಣೆಯನ್ನು, ಈ ಊರಿನ ಅಂಚಿಗೆ, ಹೀಗೆ ತಂದು ಕೂಡಿಸುವುದು ನನಗೆ ಒಪ್ಪಿಗೆಯಿಲ್ಲ.

ಸೇಂಟ್ ಆಂಡ್ರೂಸ್ ತೀರಾ ಸಣ್ಣ ಊರು. ನಾರ್ತ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್, ಸೌತ್ ಸ್ಟ್ರೀಟ್ ಎಂಬ ಮೂರು ಬೀದಿಗಳು ಕ್ಯಾಥೆಡ್ರಲ್ ಕಡೆಗೆ ಹತ್ತಿರವಾಗುತ್ತಾ ಹೋಗುತ್ತವೆ. ಮಧ್ಯಯುಗದಲ್ಲಿ ಯಾತ್ರಿಕರು ನಡೆಯಲು ಹಾಕಿದ ಬೀದಿಗಳು ಇವು. ಆ ಕ್ಯಾಥೆಡ್ರಲ್ 1318ರಲ್ಲಿ ರಾಜ ರಾಬರ್ಟ್ ಬ್ರೂಸ್ ಎದುರು ಪ್ರತಿಷ್ಠೆಯಾಯಿತು. ಈಗ ಉಳಿದಿರುವುದು ಮುಖ್ಯವಾಗಿ ಎರಡು ತುದಿಯ ಗೋಡೆಗಳು, ಪಕ್ಕದಲ್ಲಿ ಅದಕ್ಕಿಂತ ಹಳೆಯ ಸೇಂಟ್ ರೂಲ್ ಗೋಪುರ. ಓದುತ್ತಿದ್ದಾಗ ಗಾರ್ಡ್‌ಬ್ರಿಡ್ಜ್ ಕಡೆಯಿಂದ ಬರುವಾಗಲೆಲ್ಲ ಬಾರ್ಲಿ ಹೊಲದ ಆಚೆ ಗೋಪುರಗಳು ಮೇಲೇಳುವುದನ್ನು ನೋಡುತ್ತಿದ್ದೆ. ಶ್ರೀಮಂತರಿಗೆ ಮಾತ್ರ ಸೇರಿದ ನೋಟವಲ್ಲ ಅದು. ಬಸ್ಸಿನಲ್ಲಿ ಕೂತ ಎಲ್ಲರಿಗೂ ಸಿಗುತ್ತಿತ್ತು.

ಇನ್ನು ವಾಹನ. ಊರಿಗೆ ರೈಲಿಲ್ಲ, 1969ರಲ್ಲೇ ನಿಂತುಹೋಯಿತು. ಹತ್ತಿರದ ನಿಲ್ದಾಣ ಲೂಕರ್ಸ್. 900 ಮನೆ ಎಂದರೆ ಕನಿಷ್ಠ ಒಂದು ಸಾವಿರ ಕಾರು ಎಂದಿಟ್ಟುಕೊಳ್ಳಿ. ಅವೆಲ್ಲ ಎ91 ರಸ್ತೆಗೇ ಇಳಿಯಬೇಕು. ಸೌತ್ ಸ್ಟ್ರೀಟಿನ ಬಾಯಿಯಲ್ಲಿ ವೆಸ್ಟ್ ಪೋರ್ಟ್ ಎಂಬ 16ನೇ ಶತಮಾನದ ಕಲ್ಲಿನ ಬಾಗಿಲು ಇದೆ. ಅದನ್ನು ಅಗಲ ಮಾಡಲು ಆಗುತ್ತಾ?

ಬಡಾವಣೆ ಕಟ್ಟುವವರ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಅದಕ್ಕೆ ಕಾರಣ ಇದೆ. ಓದು ಮುಗಿದ ಮೇಲೆ ಸ್ಕಾಟ್ಲೆಂಡಿನ ಬೇರೊಂದು ಊರಿನಲ್ಲಿ, ಹೊಸ ಬಡಾವಣೆಯಲ್ಲಿದ್ದ ಸ್ನೇಹಿತರ ಮನೆಯಲ್ಲಿ ಕೆಲವು ಕಾಲ ಇದ್ದೆ. ಬ್ರೋಷರಿನಲ್ಲಿ ಅಂಗಡಿ, ಆಟದ ಮೈದಾನ, ಬಸ್ ಸ್ಟಾಪು ಎಲ್ಲ ಇದ್ದವು. ಮನೆಗಳು ಒಂದರ ಪಕ್ಕ ಒಂದು ಎದ್ದು ನಿಂತವು. ಮೈದಾನದ ಜಾಗದಲ್ಲಿ ಕಬ್ಬಿಣದ ಬೇಲಿ, ಅದರೊಳಗೆ ಮಣ್ಣಿನ ಗುಡ್ಡೆ. ಮಳೆ ಬಂದಾಗ ಆ ಮಣ್ಣು ಹರಿದು ರಸ್ತೆಯೆಲ್ಲ ಕೆಸರು. ಮಕ್ಕಳು ಬೇಲಿಗೆ ಮುಖ ಒತ್ತಿ ಅಗೆಯುವ ಯಂತ್ರ ನೋಡುತ್ತಿದ್ದರು, ಅವರಿಗೆ ಆಡಲು ಅಲ್ಲಿ ಇದ್ದದ್ದು ಅಷ್ಟೇ. ಬಸ್ಸು ಬರಲೇ ಇಲ್ಲ. ಹಾಲು ತರಲಿಕ್ಕೂ ಕಾರು ತೆಗೆಯಬೇಕಿತ್ತು. ಇದರ ಜೊತೆ ಸಾಮೂಹಿಕ ಹುಲ್ಲು ಕತ್ತರಿಸಲು, ಗಿಡ ನೋಡಿಕೊಳ್ಳಲು ಅಂತ ಫ್ಯಾಕ್ಟರ್ ಎಂಬ ನಿರ್ವಹಣಾ ಕಂಪನಿಗೆ ತಪ್ಪದೆ ಶುಲ್ಕ ಕಟ್ಟಬೇಕು. ಹುಲ್ಲೇ ಬೆಳೆಯದ ಮಣ್ಣಿಗೆ ಸ್ನೇಹಿತರು ದುಡ್ಡು ಕಟ್ಟುತ್ತಿದ್ದರು. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಸ್ನೇಹಿತನ ಹೆಂಡತಿ ಆಗ ಬಸುರಿ. ಅಲ್ಲಿನ ಕ್ಲಿನಿಕ್ಕಿನಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಿರಲಿಲ್ಲ, ಪಕ್ಕದ ಊರಿಗೆ ಅಲೆಯಬೇಕಾಯಿತು. ಆ ಮನೆಗಳನ್ನೂ ಕುಟುಂಬಗಳಿಗೆ ಎಂದೇ ಮಾರಿದ್ದರು.

ಇನ್ನೂರೆಪ್ಪತ್ತು ಕುಟುಂಬ ಎಂದು ಲೆಕ್ಕ ಹೇಳುವುದು ಸುಲಭ. ಆ ಮನೆಗಳು ಯಾವಾಗ ಬರುತ್ತವೆ? ಮೊದಲ ಹಂತದಲ್ಲೋ ಕೊನೆಯ ಹಂತದಲ್ಲೋ? ಉಳಿದ ಶೇ. 70 ಮನೆಗಳಿಗೆ ಸೇಂಟ್ ಆಂಡ್ರೂಸ್‌ನ ಮಾರುಕಟ್ಟೆ ಬೆಲೆ. ಬಸ್ಸಿನಲ್ಲಿ ಬರುವ ಹೋಟೆಲ್ ಕೆಲಸದವರು ಅವನ್ನು ಕೊಳ್ಳುತ್ತಾರೆಯೇ? ಎಚ್‌ಎಂಒಗೆ ತಡೆ ಇದೆ ಸರಿ. ನಿವೃತ್ತಿಯ ನಂತರ ಗಾಲ್ಫ್ ಆಡಲು ಬರುವ ದಂಪತಿ ಕೊಂಡರೆ ಯಾವ ನಿಯಮ ತಡೆಯುತ್ತದೆ?

ಪ್ರಶ್ನೆ ಕೇಳಿದವರನ್ನೆಲ್ಲ ಕಿಟಕಿಯ ನೋಟಕ್ಕಾಗಿ ಅಳುವವರು ಎಂದು ತಳ್ಳಿಹಾಕುವುದು ಸರಿಯಲ್ಲ. ಶಾಲೆಯ ಜಗಳವನ್ನೇ ನೋಡಿ. ಮೊದಲು ಅದನ್ನು ಪೈಪ್‌ಲ್ಯಾಂಡ್ ಎಂಬಲ್ಲಿ, ಹಸಿರು ಪಟ್ಟಿಯೊಳಗೇ ಕಟ್ಟಲು ಹೊರಟಿದ್ದರು. ಊರವರು ಕೋರ್ಟಿಗೆ ಹೋದರು, 2016ರಲ್ಲಿ ಅನುಮತಿ ರದ್ದಾಯಿತು. ತಡವಾಯಿತು, ನಿಜ. ಆದರೆ ಹಸಿರು ಪಟ್ಟಿ ಉಳಿಯಿತು, ಶಾಲೆಗೂ ಬೇರೆ ಜಾಗ ಸಿಕ್ಕಿತು.

ಲೇಡ್ ಬ್ರೇಸ್ ಎಂಬ ಕಾಲುದಾರಿ ಇದೆ. ಕಿನ್ನೆಸ್ ಹಳ್ಳದ ಪಕ್ಕದಲ್ಲೇ ಮರಗಳ ನೆರಳಿನಲ್ಲಿ ಊರೊಳಗಿಂದ ಪಶ್ಚಿಮಕ್ಕೆ ಹೋಗುತ್ತದೆ. ಪರೀಕ್ಷೆಯ ದಿನಗಳಲ್ಲಿ ತಲೆ ಕೆಟ್ಟಾಗ ನಾನು ಅಲ್ಲಿಗೇ ಹೋಗುತ್ತಿದ್ದೆ. ಮನೆ ಮುಗಿದು ಹೊಲ ಶುರುವಾಗುವ ತನಕ ಸುಮ್ನೆ ನಡೆದರೆ ಸಾಕಿತ್ತು, ಉಸಿರು ಹಗುರಾಗುತ್ತಿತ್ತು. ಊರಿನ ಮಕ್ಕಳಿಗೂ ಮುದುಕರಿಗೂ ಅದು ಬೇಕು, ಹೊಸದಾಗಿ ಬರುವ ಕುಟುಂಬಗಳಿಗೂ ಬೇಕು.

ಹಾಗಾಗಿ ನಾನು ಕೇಳುವುದು ಇಷ್ಟು. 900ನ್ನು ಒಂದೇ ಉಸಿರಿಗೆ ಒಪ್ಪಬೇಡಿ. ಮೊದಲು ಕೈಗೆಟುಕುವ ಮನೆಗಳನ್ನೇ ಕಟ್ಟಲಿ, ನೂರು ಸಾಕು. ಅವುಗಳ ಜೊತೆಗೇ ರಸ್ತೆ, ಬಸ್ಸು, ಡಾಕ್ಟರು ಬರಲಿ, ಮೈದಾನದ ಬೇಲಿ ತೆಗೆಯಲಿ. ಅಷ್ಟು ಮಾಡಿ ತೋರಿಸುವ ತನಕ ಉಳಿದ ಹೊಲಗಳಲ್ಲಿ ಬಾರ್ಲಿಯೇ ಬೆಳೆಯಲಿ.