ಡಿಸ್ಟನ್ಸ್ ಏನ್ರಿ?

ಎರಡು ವರ್ಷದ ಹಿಂದೆ ವಿಜಯಪುರದಲ್ಲಿ ಗ್ರಂಥಪಾಲಕರ ಸಂಘದವರು ಒಂದು ದಿನದ ಕಾರ್ಯಾಗಾರ ಇಟ್ಟಿದ್ದರು. ನಾನೂ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತ, ದೂರಶಿಕ್ಷಣದಲ್ಲಿ ಎಂ.ಲಿಬ್ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಓದುತ್ತಿದ್ದೆ. ಬಾಗಲಕೋಟೆಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ನೋಂದಣಿ ಟೇಬಲ್ಲಿನಲ್ಲಿ ಕೂತವರು ಹೆಸರು ಬರೆದುಕೊಂಡು, ‘ಎಂ.ಲಿಬ್ ಎಲ್ಲಿ ಮಾಡಾಕತ್ತೀರಿ?’ ಅಂದರು. ಹೇಳಿದೆ. ‘ಓ, ಡಿಸ್ಟನ್ಸ್ ಏನ್ರಿ?’

ಅಷ್ಟೇ. ಕೆಟ್ಟದಾಗಿ ಏನೂ ಅನ್ನಲಿಲ್ಲ. ಆದರೂ ಆ ‘ಓ’ ಮಧ್ಯಾಹ್ನದವರೆಗೂ ಕಿವಿಯಲ್ಲೇ ಇತ್ತು.

ವಿದ್ಯಾರ್ಥಿಗಳಿಗೆ ಶುಲ್ಕ ಅರ್ಧ. ಆದರೆ ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ಬೋನಫೈಡ್ (ಇವರು ನಮ್ಮ ವಿದ್ಯಾರ್ಥಿ ಅನ್ನೋ ಪತ್ರ) ಬೇಕಂತೆ. ನನ್ನ ವಿಭಾಗ ಅಂದರೆ ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟು. ಅದರ ಹತ್ತಿರ ಹೇಗೆ ಸಹಿ ಹಾಕಿಸಲಿ? ಸುಮ್ನೆ ಪೂರ್ತಿ ದುಡ್ಡು ಕಟ್ಟಿದೆ.

ಊಟದ ಹೊತ್ತಿಗೆ ತಟ್ಟೆ ಹಿಡಿದು ಒಂದು ಮೂಲೆಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಇಬ್ಬರು ಹಿರಿಯರು ಜೋರಾಗಿ ವಾದಕ್ಕೆ ಬಿದ್ದಿದ್ದರು. ಬಸವಣ್ಣನ ವಚನಗಳನ್ನು ಯಾವ ಕಪಾಟಿಗೆ ಹಾಕಬೇಕು ಅಂತ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡೋ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಮುಂದೆ 1 ಹಚ್ಚಿದರೆ ಕಾವ್ಯ, 3 ಹಚ್ಚಿದರೆ ಕಥೆ-ಕಾದಂಬರಿ. ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ್ದು ಇಷ್ಟೇ.

‘ವಚನ ಅಂದ್ರ ಕಾವ್ಯರೀ. 894.8141ಕ್ಕ ಹಾಕ್ರಿ, ಮುಗೀತು’ ಅಂದರು ಒಬ್ಬರು.

‘ದಿನಾ ಪಾರಾಯಣ ಮಾಡೋರು ಬಂದು 294.5ರೊಳಗ ಹುಡುಕ್ತಾರಲ್ರೀ, ಅವರಿಗೇನ್ ಹೇಳ್ತೀರಿ?’ ಅಂದರು ಇನ್ನೊಬ್ಬರು.

(294.5 ಹಿಂದೂ ಧರ್ಮದ ಸಂಖ್ಯೆ. ಅಲ್ಲಿ ಇನ್ನೂ ದೊಡ್ಡ ಜಗಳ ಒಂದಿದೆ. ನಾನು ಅದಕ್ಕೆ ಇಳಿಯೋದಿಲ್ಲ.)

ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ಹುಡುಕಿ ವಚನ ಕೂಡಿಸಿದ ಊರು ಅದು. ಅಲ್ಲಿ ಅನ್ನ-ಸಾರಿನ ತಟ್ಟೆ ಹಿಡಿದು ಈ ವಾದ! ನನಗೆ ತಡೆಯಲಾಗಲಿಲ್ಲ. ‘ನಮ್ಮಲ್ಲಿ ಸಾಹಿತ್ಯದ ಕಪಾಟಿನಾಗ ಇಟ್ಟೀವ್ರಿ. ಧರ್ಮದ ಕಪಾಟಿಗೆ ‘ವಚನಗಳಿಗೆ 894.8141 ನೋಡಿ’ ಅಂತ ಒಂದು ಚೀಟಿ ಅಂಟಿಸೀವಿ’ ಅಂದೆ. ಇಬ್ಬರೂ ತಿರುಗಿ ನೋಡಿದರು. ‘ಎಲ್ಲಿ ಕೆಲಸ ತಂಗಿ ನಿಂದು?’ ಅಂದರು. ಯಾವ ಯೂನಿವರ್ಸಿಟಿ ಅಂತ ಕೇಳಲಿಲ್ಲ.

ದೂರಶಿಕ್ಷಣದಲ್ಲಿ ಪುಸ್ತಕ ಬರುತ್ತದೆ, ಪಾಠವೂ ಆಗುತ್ತದೆ. ಕೆಲಸದ ಬಗ್ಗೆ ಹೀಗೆ ಜಗಳ ಆಡೋ ಜನ ಮಾತ್ರ ಸಿಗೋದಿಲ್ಲ. ಅದಕ್ಕೇ ಸಂಘ ಬೇಕು ಅನ್ನೋದು ನಾನು. ನಮ್ಮ ಬ್ಯಾಚಿನಲ್ಲಿ ಪಂಚಾಯ್ತಿಯ ಅರಿವು ಕೇಂದ್ರ (ಹಳ್ಳಿಯ ಗ್ರಂಥಾಲಯ) ಒಬ್ಬರೇ ನೋಡಿಕೊಳ್ಳುವವರಿದ್ದಾರೆ. ಸಂಶಯ ಬಂದರೆ ಅವರು ಯಾರನ್ನು ಕೇಳಬೇಕು? ಕೋಹಾ ಅನ್ನೋ ಗ್ರಂಥಾಲಯದ ಸಾಫ್ಟ್‌ವೇರ್‌ನಲ್ಲಿ ಪುಸ್ತಕದ ಬೆನ್ನಿಗೆ ಹಚ್ಚೋ ಲೇಬಲ್ ಮುದ್ರಿಸಿದರೆ ನನಗೆ ಕನ್ನಡ ಅಕ್ಷರದ ಬದಲು ಬರೀ ಚೌಕ ಚೌಕ ಬರುತ್ತಿತ್ತು. ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಆ ‘294.5’ ಸರ್‌ಗೆ ಫೋನ್ ಮಾಡಿದೆ. ಫಾಂಟಿನ ತೊಂದರೆ, ಹತ್ತು ನಿಮಿಷದಲ್ಲಿ ಸರಿಯಾಯಿತು.

ಸರ್ಟಿಫಿಕೇಟಿಗೆ, ಬ್ಯಾಗಿಗೆ ಹೋಗೋದಾದರೆ ಮನೆಯಲ್ಲೇ ಇರಿ. ಹೋದರೆ ಏನಾದರೂ ಕೆಲಸ ಕೇಳಿ ತಗೊಳ್ಳಿ. ಮರುವರ್ಷ ನಾನು ನೋಂದಣಿ ಟೇಬಲ್ಲೇ ಕೇಳಿಕೊಂಡೆ. ಸಂಜೆಯೊಳಗೆ ಅರ್ಧ ಜಿಲ್ಲೆಯ ಗ್ರಂಥಪಾಲಕರ ಹೆಸರು ಗೊತ್ತಾಗಿತ್ತು. ಮೊದಲ ಸಲ ಹೆದರಿಕೆ ಇದ್ದರೆ ಆಗಸ್ಟ್ 12ಕ್ಕೆ ಹೋಗಿ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬ, ಗ್ರಂಥಪಾಲಕರ ದಿನ. ಭಾಷಣ ಜಾಸ್ತಿ, ಆದರೆ ಚಹಾದ ಹೊತ್ತಿಗೆ ಜನ ಸಿಗುತ್ತಾರೆ. ಆ ರಂಗನಾಥನ್ನರೂ ಗಣಿತದ ಮಾಸ್ತರಾಗಿದ್ದು 1924ರಲ್ಲಿ ಗ್ರಂಥಾಲಯದ ಕಡೆ ಬಂದವರು, ಅಲ್ವಾ?

ಸಂಘದವರಿಗೂ ಒಂದು ಮಾತು. ದೂರಶಿಕ್ಷಣದಲ್ಲಿ ಓದೋರೆಲ್ಲ ಹೆಚ್ಚುಕಮ್ಮಿ ನೌಕರಿ ಮಾಡೋರೇ. ವಾರದ ನಡುವೆ ಕಾರ್ಯಕ್ರಮ ಇಟ್ಟು ‘ಯುವಕರು ಬರ್ತಿಲ್ಲ’ ಅಂದರೆ ಹೇಗೆ? ಹೋದ ಸಭೆಯಲ್ಲಿ ಇದನ್ನೇ ಎದ್ದು ನಿಂತು ಹೇಳಿದೆ. ಬೋನಫೈಡ್ ವಿಷಯಾನೂ ಎತ್ತಿದೆ. ಈ ಸಲ ಐಡಿ ಕಾರ್ಡು, ಫೀ ರಸೀದಿ ತೋರಿಸಿದರೆ ಸಾಕು ಅಂತ ಒಪ್ಪಿದ್ದಾರೆ.

ದಿನ ಮಾತ್ರ ಮತ್ತೆ ಬುಧವಾರ. ರಜೆ ಅರ್ಜಿ ಬರೆಯಬೇಕು.